ಹಂಚಿನ ಮನೆ ನೋಡಲು ಹೋಗಿದ್ದೆವು

ಭಾನುವಾರದಿಂದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. "ಮತ್ತೆ ಒಲೆಗೆ ಬೆಂಕಿ ಹಾಕೋರು ಯಾರು ಮಾರಾಯ್ತಿ?"

ಕೇಳಿದ್ದು ಹೊಸನಗರದಿಂದ ಒಳಗೆ, ಡಾಂಬರು ಮುಗಿದ ಮೇಲೂ ಸಾಕಷ್ಟು ದೂರ ಹೋದರೆ ಸಿಗುವ ಒಂದು ಮನೆಯ ಅಮ್ಮ. ಎಪ್ಪತ್ತು ದಾಟಿರಬೇಕು. ಮಾತಿನಲ್ಲಿ ಅಣಕ ಇರಲಿಲ್ಲ, ಬುದ್ಧಿ ಹೇಳುವ ಧಾಟಿಯೂ ಅಲ್ಲ. ಕಾಫಿಗೆ ಸಕ್ಕರೆ ಸಾಕಾ ಅಂತ ಕೇಳುವಷ್ಟೇ ಸಲೀಸಾಗಿ ಕೇಳಿದರು. ನಮ್ಮನೆಯವರು ನಕ್ಕರು. ಬ್ರೋಕರ್, "ಈಗೆಲ್ಲ ಗ್ಯಾಸ್ ಉಂಟಲ್ಲ ಅಮ್ಮ" ಅಂತ ಮಾತು ಮುಚ್ಚಲು ನೋಡಿದ. ನಾನು ಲೋಟ ಹಿಡಿದು ಸುಮ್ನೆ ಕೂತೆ.

ಮಲೆನಾಡಿನಲ್ಲಿ ಒಂದು ಹಂಚಿನ ಮನೆ ಬೇಕು ಅನ್ನೋದು ನನ್ನ ಹಳೇ ಹುಚ್ಚು. ಹುಟ್ಟಿದ್ದು ಚಳ್ಳಕೆರೆ ಸೀಮೆ. ಅಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಮಳೆಯಾದರೆ ಅದೇ ಒಳ್ಳೇ ವರ್ಷ. ಆಗುಂಬೆಯಲ್ಲಿ 7,000 ಮಿಲಿಮೀಟರ್‌ಗೂ ಜಾಸ್ತಿ ಸುರಿಯುತ್ತೆ ಅಂತ ಶಾಲೆಯಲ್ಲಿ ಓದಿದಾಗ, ಅಷ್ಟೊಂದು ನೀರನ್ನು ಅವರು ಏನು ಮಾಡ್ತಾರೆ ಅನ್ನೋದೇ ನನಗೆ ಯೋಚನೆ. ಆವತ್ತಿನಿಂದಲೇ ಇರಬೇಕು ಈ ಆಸೆ. ಜಗಲಿ, ಅಂಗಳ, ಸೂರಿನಿಂದ ಸಾಲಾಗಿ ಬೀಳುವ ನೀರು, ಹಿತ್ತಲಲ್ಲಿ ಬಸಳೆ ಚಪ್ಪರ. ಈಚೆಗೆ ಮೊಬೈಲೂ ತುಪ್ಪ ಸುರಿಯುತ್ತಿದೆ. ನನ್ನ ನಾದಿನಿ ದಿನಾ ಒಂದಲ್ಲ ಒಂದು ರೀಲ್ಸ್ ಕಳಿಸುತ್ತಾಳೆ. ಮಳೆ, ಹಿತ್ತಾಳೆ ಲೋಟದಲ್ಲಿ ಕಾಫಿ, ಕೈಮಗ್ಗದ ಸೀರೆ ಉಟ್ಟು ಕಿಟಕಿ ಹತ್ತಿರ ಕೂತ ಹುಡುಗಿ, ಹಿಂದೆ ಕೊಳಲು. ಕಳಿಸುವವಳಿಗೆ ಮನೆ ಮುಂದಿನ ತುಳಸಿಗೆ ನೀರು ಹಾಕೋಕೂ ಪುರುಸೊತ್ತಿಲ್ಲ. ಅದು ಬೇರೆ ಮಾತು.

ಅಲ್ಲಿಯ ತನಕ ಟೆರೇಸೇ ನನ್ನ ತೋಟ. ಅಪಾರ್ಟ್‌ಮೆಂಟಿನ ಕೊನೇ ಮಹಡಿ ನಮ್ಮದು. ಹಾಗಾಗಿ ಕುಂಡದ ನೀರು ಇಳಿದರೆ ನಮ್ಮ ತಲೆ ಮೇಲೇ ಇಳಿಯುತ್ತೆ, ಬೈಯುವವರಿಲ್ಲ. ಗ್ರೋ ಬ್ಯಾಗು, ಕೋಕೋಪೀಟು, ಅಡುಗೆಮನೆ ಕಸದ ಗೊಬ್ಬರ, ಎಲ್ಲ ಉಂಟು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಆಯ್ತಲ್ಲ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆಗಲೂ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಿ ಬದನೆ, ಮೆಣಸಿನ ಗಿಡ ಉಳಿಸಿಕೊಂಡೆ. ಅದೊಂದು ಹೆಮ್ಮೆ ನನಗೆ. ಇಷ್ಟು ಮಾಡೋಳಿಗೆ ಮಲೆನಾಡಿನ ಮನೆ ಏನು ಕಷ್ಟ ಅನ್ನೋ ಧೈರ್ಯದಲ್ಲೇ ಹೊರಟಿದ್ದು.

ಮನೆ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ತುಂಬಾ ಚೆನ್ನಾಗಿತ್ತು. ಜಂಬಿಟ್ಟಿಗೆ ಗೋಡೆ, ನುಣುಪಾದ ಜಗಲಿ, ಹಿಂದೆ ಅರ್ಧ ಎಕರೆ ಅಡಿಕೆ. ನಾವು ಹೋದ ಹೊತ್ತಿಗೆ ಮಾಡಿನ ಮೇಲೆ, ಅಂದರೆ ಸೂರಿನ ಮೇಲೆ, ಇಬ್ಬರು ಹಂಚು ಕೈಯಾಡಿಸುತ್ತಿದ್ದರು. ಮಳೆಗೆ ಮುಂಚೆ ಪ್ರತಿ ವರ್ಷ ಮಾಡುವ ಕೆಲಸ ಅದು. ಹಂಚಿನ ಸಂದಿಯಲ್ಲಿ ಎಲೆ, ಕಡ್ಡಿ, ಪಾಚಿ ಸೇರಿರುತ್ತೆ. ಮಂಗಗಳು ಹಾರಿ ಕೆಲವು ಒಡೆದಿರುತ್ತವೆ, ಕೆಲವು ಜರುಗಿರುತ್ತವೆ. ಒಂದೊಂದನ್ನೇ ಎತ್ತಿ, ಗುಡಿಸಿ, ಒಡೆದದ್ದು ತೆಗೆದು, ಮತ್ತೆ ಕೂರಿಸಬೇಕು. ಒಂದು ಹಂಚು ಎರಡು ಕೆ.ಜಿ.ಗೂ ಮಿಕ್ಕಿ ತೂಗುತ್ತೆ. ಇಡೀ ಮಾಡಿಗೆ ಅಂಥವು ಸಾವಿರಗಟ್ಟಲೆ. ಹಂಚು ಕೂರುವ ಮರದ ಪಟ್ಟಿ, ರೀಪು, ಅದರ ಮೇಲೆ ಎಲ್ಲಿ ಕಾಲಿಡಬೇಕು ಅಂತ ಗೊತ್ತಿರುವವರೇ ಹತ್ತಬೇಕು. ಅಂಥವರು ಈಗ ಸಿಗೋದೇ ಕಷ್ಟವಂತೆ. ಮೇಲಿದ್ದ ಇಬ್ಬರಲ್ಲಿ ಒಬ್ಬರಿಗೆ ಅರವತ್ತರ ಮೇಲಿತ್ತು.

ಕೆಳಗಿಳಿಸಿದ ಒಂದು ಹಂಚನ್ನು ಬ್ರೋಕರ್ ಎತ್ತಿ ತೋರಿಸಿದ. ಬಾಸೆಲ್ ಮಿಷನ್ ಅಂತ ಅಚ್ಚು, ಜೊತೆಗೆ 1865. "ನೋಡಿ ಸಾರ್, ಬ್ರಿಟಿಷರ ಕಾಲದ್ದು. 160 ವರ್ಷದ ಹಂಚು. ಇದನ್ನೇ ಬಿಚ್ಚಿ ಮಾರಿದರೂ ದುಡ್ಡು!" ನಮ್ಮನೆಯವರು ಫೋಟೋ ಹೊಡೆದರು. ಅಮ್ಮ ಒಳಗಿಂದಲೇ, "ಅದು ಮಂಗಳೂರಲ್ಲಿ ಕಾರ್ಖಾನೆ ಶುರುವಾದ ವರ್ಷ. ಹಂಚು ಹೊದಿಸಿದ್ದು ನಮ್ಮ ಮಾವ. ಅದಕ್ಕೂ ಮುಂಚೆ ಇದು ಅಡಿಕೆ ಸೋಗೆ ಹೊದಿಸಿದ ಮನೆ" ಅಂದರು. ಬ್ರೋಕರ್ ಮುಖ ಸಣ್ಣದು ಮಾಡಿಕೊಂಡ. ನನಗೆ ಈ ಅಮ್ಮ ಆಗಲೇ ಇಷ್ಟವಾದರು. ಮಾರುವ ಮನೆಯ ಬೆಲೆ ತಾನೇ ಇಳಿಸುವವರನ್ನು ನಾನಂತೂ ನೋಡಿರಲಿಲ್ಲ.

ಆ ಬ್ರೋಕರ್ ಬಗ್ಗೆಯೂ ಒಂದು ಮಾತು. ಕೆಟ್ಟವನಲ್ಲ. ಆದರೆ ಅವನಿಗೆ ಮನೆ ಕಾಣುವುದಿಲ್ಲ, ವ್ಯೂ ಕಾಣುತ್ತೆ. ದಾರಿಯುದ್ದಕ್ಕೂ, "2020ರ ಮೇಲೆ ತೊಂದರೆ ಇಲ್ಲ ಮೇಡಂ, ಭೂಸುಧಾರಣೆ ಕಾಯ್ದೆಯ 79ಎ, 79ಬಿ ಎರಡೂ ಹೋಯ್ತು, ಪಹಣಿಯಲ್ಲಿ ಯಾರ ಹೆಸರು ಬೇಕಾದ್ರೂ ಬರ್ತದೆ" ಅಂತ ಹೇಳಿದ್ದೇ ಹೇಳಿದ್ದು. ಕಾನೂನಿನ ಮಟ್ಟಿಗೆ ನಿಜವೇ. ಅದಕ್ಕೆ ಮುಂಚೆ ಕೃಷಿಕರಲ್ಲದವರು ಈ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಈಗ ನಮ್ಮಂಥವರು ಶನಿವಾರ ಕಾರು ಹತ್ತಿ ತೋಟ ನೋಡಲು ಹೋಗಬಹುದು.

ಕಾಫಿ ಹೊತ್ತಿಗೆ ಅಮ್ಮ ನಮ್ಮನ್ನು ವಿಚಾರಿಸಿಕೊಂಡರು. ಮಕ್ಕಳು ಎಷ್ಟು, ಏನು ಕೆಲಸ, ಯಾವ ಏರಿಯಾ. ಆಮೇಲೆ, "ಇಲ್ಲೇ ಬಂದು ಇರ್ತೀರಾ?" ಅಂದರು.

"ಇಲ್ಲಮ್ಮ, ವಾರದ ಕೊನೇಲಿ ಬರ್ತೀವಿ. ರಜೆ ಇದ್ದಾಗ" ಅಂದೆ.

"ಮಳೆಗಾಲದಲ್ಲಿ?"

"ಮಳೆ ನೋಡೋಕೇ ಬರ್ಬೇಕು ಅಂತಿದೀವಿ."

"ಮತ್ತೆ ಒಲೆಗೆ ಬೆಂಕಿ ಹಾಕೋರು ಯಾರು ಮಾರಾಯ್ತಿ?"

ಗ್ಯಾಸಿನ ಮಾತು ಬಂದಾಗ ಅವರು ಬ್ರೋಕರ್ ಕಡೆ ತಿರುಗಲೇ ಇಲ್ಲ. ನನ್ನನ್ನು ಎಬ್ಬಿಸಿಕೊಂಡು ಅಡುಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಗ್ಯಾಸ್ ಒಲೆಯೂ ಇತ್ತು, ಪಕ್ಕದಲ್ಲೇ ಸೌದೆ ಒಲೆಯೂ ಇತ್ತು. ಮೇಲೆ ನೋಡು ಅಂದರು. ಅಟ್ಟ, ಪಕಾಸು, ರೀಪು ಎಲ್ಲ ಹೊಗೆ ಕುಡಿದು ಕಪ್ಪಗೆ ಮಿರಮಿರ ಹೊಳೆಯುತ್ತಿದ್ದವು. "ಈ ಹೊಗೆಯೇ ಮಾಡು ಕಾಯೋದು. ಹೊಗೆ ತಾಗಿದ ಮರಕ್ಕೆ ಹುಳ ಹಿಡಿಯಲ್ಲ. ಜೂನಿಂದ ಸೆಪ್ಟೆಂಬರ್ ತನಕ ಬೆಂಕಿ ಇಲ್ದೆ ಬಾಗಿಲು ಹಾಕಿಟ್ರೆ ಗೋಡೆಗೆ ಬೂಷ್ಟು, ಮರಕ್ಕೆ ಗೆದ್ದಲು. ನಂ ಪಕ್ಕದ ಮನೆ ನೋಡಿ ಬೇಕಾದ್ರೆ."

ಪಕ್ಕದ ಮನೆ ನೋಡಿದೆವು. ಅದನ್ನೂ ಯಾರೋ ದೂರದವರು ಕೊಂಡಿದ್ದಂತೆ. ಹೊರಗಿನಿಂದ ಹೊಸ ಬಣ್ಣ, ಕಿಟಕಿಗೆ ಗಾಜು, ಅಂಗಳದಲ್ಲಿ ಇಂಟರ್‌ಲಾಕ್ ಕಲ್ಲು. ಒಂದು ಮೂಲೆಯಲ್ಲಿ ಮಾಡು ಕೆಳಗೆ ಜಗ್ಗಿತ್ತು. ಅಂಗಳದ ಕಲ್ಲಿನ ಸಂದಿಯಲ್ಲಿ ಮೊಣಕಾಲೆತ್ತರ ಹುಲ್ಲು ಒಣಗಿ ನಿಂತಿತ್ತು.

ಅಡುಗೆಮನೆಯಿಂದ ಬರುವಾಗ ಅಮ್ಮ ಇನ್ನೂ ಹೇಳುತ್ತಲೇ ಇದ್ದರು. ಅಡಿಕೆಗೆ ಕೊಳೆ ರೋಗ ಬರದ ಹಾಗೆ ಮಳೆ ಹಿಡಿಯುವ ಮುಂಚೆ ಒಮ್ಮೆ ಬೋರ್ಡೋ ದ್ರಾವಣ ಹೊಡೆಸಬೇಕು, ಮತ್ತೆ ನಲವತ್ತು ದಿನಕ್ಕೆ ಇನ್ನೊಮ್ಮೆ. ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅಡಿಕೆ ಮರ ಹತ್ತುವ ಕೊನೆಗಾರ ಬರ್ತೀನಿ ಅಂದ ದಿನ ಮಳೆ ಬರುತ್ತೆ, ಮಳೆ ಬಿಟ್ಟ ದಿನ ಅವನು ಇನ್ನೊಬ್ಬರ ತೋಟದಲ್ಲಿರುತ್ತಾನೆ. ಪಡುವಲ ಕಡೆ ಗೋಡೆಗೆ ಸೋಗೆ ತಟ್ಟಿ ಕಟ್ಟಬೇಕು, ಇಲ್ಲದಿದ್ದರೆ ಎರಚಲಿಗೆ ನೆನೆಯುತ್ತೆ. ಕೊಟ್ಟಿಗೆ ಖಾಲಿ ಮಾಡಿಯಾಗಿದೆ, ಅಷ್ಟೊಂದು ಉಪಕಾರ. ಇದನ್ನೆಲ್ಲ ಅವರು ದೂರಿನ ಹಾಗೆ ಹೇಳಲಿಲ್ಲ, ಹೆಮ್ಮೆಯಿಂದಲೂ ಹೇಳಲಿಲ್ಲ. ಕೀಲಿಕೈ ಕೊಡುವಾಗ ಯಾವ ಬೀಗಕ್ಕೆ ಯಾವುದು ಅಂತ ಹೇಳಬೇಕಲ್ಲ, ಅಷ್ಟೇ.

ಮನೆ ಬಿಡೋಕೆ ಬೇಜಾರಾಗಲ್ವಾ ಅಂತ ನಾನು ಕೇಳಿದೆ. ಕಣ್ಣಲ್ಲಿ ನೀರು ಬರುತ್ತೆ ಅಂತ ಕಾದಿದ್ದೆನೋ ಏನೋ. "ಎಂತ ಬೇಜಾರು? ಶಿವಮೊಗ್ಗದಲ್ಲಿ ಮಗ ಫ್ಲ್ಯಾಟ್ ನೋಡಿದಾನೆ. ಲಿಫ್ಟ್ ಉಂಟು. ಆಸ್ಪತ್ರೆ ಹತ್ತಿರ. ರಾತ್ರಿ ಎದೆನೋವು ಬಂದ್ರೆ ಇಲ್ಲಿ ಯಾರನ್ನ ಕರೆಯೋದು?" ಅಂದರು. ಆಮೇಲೆ ನಮ್ಮ ಅಪಾರ್ಟ್‌ಮೆಂಟಿನ ಬಗ್ಗೆ ಕೇಳತೊಡಗಿದರು. ಕರೆಂಟು ಹೋದರೆ ಲಿಫ್ಟ್ ನಿಲ್ಲುತ್ತಾ? ಕಸ ಬಾಗಿಲಿಗೇ ಬಂದು ತಗೊಂಡು ಹೋಗ್ತಾರಾ? ಬಾಲ್ಕನಿಗೆ ಬಿಸಿಲು ಬರುತ್ತಾ, ಎರಡು ಮಲ್ಲಿಗೆ ಇಡಬಹುದಾ? ನಾನು ಜಗಲಿ ನೋಡುತ್ತಾ ಅವರಿಗೆ ಬಾಲ್ಕನಿ ವರ್ಣಿಸುತ್ತಿದ್ದೆ.

ವಾಪಸ್ ಬರುವಾಗ ಕಾರಿನಲ್ಲಿ ನಮ್ಮನೆಯವರು ಲೆಕ್ಕ ಶುರು ಮಾಡಿದರು. ಕೇರ್‌ಟೇಕರ್ ಇಡೋಣ, ಹೋಮ್‌ಸ್ಟೇ ಮಾಡೋಣ, ಮಾಡು ಬಿಚ್ಚಿ ಶೀಟ್ ಹೊದಿಸೋಣ. ಅವರು ಇಂಜಿನಿಯರು. ಯಾವ ಪ್ರಶ್ನೆಗೂ ಒಂದು ಪರಿಹಾರ ಇರಲೇಬೇಕು ಅವರಿಗೆ. ಶೀಟ್ ಹೊದಿಸಿದರೆ ಅಷ್ಟು ದೂರ ಬಂದು ಶೀಟ್ ಕೆಳಗೆ ಕೂರಬೇಕಾ ಅಂದೆ. ತೀರ್ಥಹಳ್ಳಿ ದಾಟುವ ತನಕ ಇಬ್ಬರೂ ಮಾತಾಡಲಿಲ್ಲ.

ಕೇರ್‌ಟೇಕರ್ ಅಂದಾಗ ನನಗೆ ಹಿಂದೊಮ್ಮೆ ಚಿಕ್ಕಮಗಳೂರು ಕಡೆ ಉಳಿದಿದ್ದ ಹೋಮ್‌ಸ್ಟೇ ನೆನಪಾಯಿತು. ಕಡುಬು, ಬಿಸಿನೀರು, ಸಂಜೆ ಅಂಗಳದಲ್ಲಿ ಬೆಂಕಿ, ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಾಡುತ್ತಿದ್ದವರು ಅಸ್ಸಾಂನಿಂದ ಬಂದ ಒಂದು ಗಂಡ ಹೆಂಡತಿ. ಈಗ ಎಷ್ಟೋ ಕಾಫಿ ತೋಟಗಳಲ್ಲಿ ಕೆಲಸ ಮಾಡೋರು ಅಷ್ಟು ದೂರದಿಂದ ಬಂದವರೇ. ಆ ಹೆಂಗಸು ಮೊಬೈಲಿನಲ್ಲಿ ತನ್ನ ಊರಿನ ಮನೆ ತೋರಿಸಿದ್ದಳು. ಬಿದಿರಿನ ಗೋಡೆ, ತಗಡಿನ ಮಾಡು, ಮುಂದೆ ಬಾಳೆ. ಬಾಗಿಲಿಗೆ ಬೀಗ. ನಾನು ಆಗ ಚೆನ್ನಾಗಿದೆ ಅಂದಿದ್ದೆ. ಅಲ್ಲಿ ಒಲೆಗೆ ಬೆಂಕಿ ಹಾಕೋರು ಯಾರು ಅಂತ ಈ ವಾರ ಯೋಚನೆ ಬಂತು. ಮಾಲೀಕರು ಬೆಂಗಳೂರಿನಲ್ಲಿ, ಬೆಂಕಿ ಹಾಕೋರು ಅಸ್ಸಾಮಿನವರು, ಅವರ ಮನೆಗೆ ಬೀಗ.

ನನ್ನ ಅಜ್ಜನ ಮನೆಯ ಕಥೆಯೂ ಬೇರೆಯಲ್ಲ. ನಮ್ಮ ಕಡೆ ಹಂಚಿಲ್ಲ, ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಅಜ್ಜ ಎತ್ತಿನ ಗಾಡಿಯಲ್ಲಿ ಕರಲು ಮಣ್ಣು ತರಿಸಿ ಮಾಳಿಗೆ ಮೇಲೆ ಹಾಕಿಸುತ್ತಿದ್ದ. ನೀರು ಬಿದ್ದರೆ ಬಿಗಿದುಕೊಳ್ಳುವ ಮಣ್ಣು ಅದು, ಕೆಳಗೆ ಇಳಿಯೋಕೆ ಬಿಡಲ್ಲ. ಮಳೆ ಬಂದ ಮೇಲೆ ಮಾಳಿಗೆ ಮೇಲಿನ ಹುಲ್ಲು ಕೀಳುವುದು ಮಕ್ಕಳ ಕೆಲಸ. ಅಜ್ಜ ಹೋದ ಮೇಲೆ ಮಾವಂದಿರು ದಾವಣಗೆರೆ ಸೇರಿದರು. ಮಣ್ಣು ಹಾಕಿಸೋರಿಲ್ಲ. ಬರದ ಸೀಮೆಯ ಮಳೆಗೇ ಆ ಮಾಳಿಗೆ ಕುಸಿಯಿತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಕನಸಿನ ಮನೆ ಅಂದಿದ್ದು ನೆನಪಿಲ್ಲ. ಚಳ್ಳಕೆರೆಯ ಮಾಳಿಗೆ ಮನೆ ಯಾವ ರೀಲ್ಸಿನಲ್ಲೂ ಬರುವುದಿಲ್ಲ ನೋಡಿ. ಹಸಿರಿದ್ದರೆ ಮಾತ್ರ ನಮಗೆ ಹಳ್ಳಿ ಬೇಕು.

ಬೆಂಗಳೂರಿನ ಸುತ್ತ ಈಗ ತೋಟವನ್ನೂ ಚದರಡಿ ಲೆಕ್ಕದಲ್ಲಿ ಮಾರುತ್ತಾರೆ. ನೀವು ದುಡ್ಡು ಕೊಡಿ, ಮಾವು ನಾವು ಬೆಳೆಸುತ್ತೇವೆ, ಹಣ್ಣು ಕೀಳೋಕೆ ಬನ್ನಿ. ನಮ್ಮ ಪಕ್ಕದ ಮನೆಯವರು ಒಂದು ತಗೊಂಡಿದ್ದಾರೆ. ಖುಷಿಯಾಗಿಯೂ ಇದ್ದಾರೆ. ನಾನು ಅವರನ್ನು ಹೀಗಳೆಯೋಕೆ ಹೋಗಲ್ಲ. ಆದರೆ ಒಡೆದ ಹಂಚು ಯಾವುದು, ಜರುಗಿದ್ದು ಯಾವುದು ಅಂತ ಕೆಳಗೆ ನಿಂತೇ ಗೊತ್ತಾಗುವ ಆ ಅಮ್ಮನನ್ನು ನೋಡಿದ ಮೇಲೆ, ಹಣ್ಣು ಕೀಳೋಕೆ ಮಾತ್ರ ಹೋಗುವ ಆಸೆ ನನಗೆ ಹೋಗಿದೆ.

ಬುಧವಾರ ಬ್ರೋಕರ್ ಫೋನ್ ಮಾಡಿದ. ಇನ್ನೊಂದು ಪಾರ್ಟಿ ಬಂದಿದೆ, ಬೇಗ ಅಡ್ವಾನ್ಸ್ ಕೊಡಿ ಅಂದ. ನಮ್ಮನೆಯವರು ನನ್ನ ಮುಖ ನೋಡಿದರು. ಬೇಡ ಅಂದೆ. ಬೇಕು ಅಂತಲೂ ಅನ್ನಿಸುತ್ತಿತ್ತು, ಅದು ನಿಜ. ಮಧ್ಯಾಹ್ನ ನಾನೇ ಅಮ್ಮನಿಗೆ ಫೋನ್ ಹಚ್ಚಿದೆ. ನೀವು ಶಿವಮೊಗ್ಗಕ್ಕೆ ಹೋಗೋದು ಯಾವಾಗ, ಅದಕ್ಕೆ ಮುಂಚೆ ಜುಲೈನಲ್ಲಿ ಒಂದಷ್ಟು ದಿನ ಬಂದು ನಿಮ್ಮ ಜೊತೆ ಇರಬಹುದಾ, ಬಾಡಿಗೆ ಕೊಡ್ತೀವಿ ಅಂದೆ.

"ದೀಪಾವಳಿ ತನಕ ಇಲ್ಲೇ ಇರ್ತೀನಿ. ಬಾಡಿಗೆ ಎಂತಕ್ಕೆ? ಬೆಳಿಗ್ಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕು, ಸಾಕು. ಸೌದೆ ಒಟ್ಟಿ ಆಗಿದೆ. ಆದ್ರೆ ತೋಟಕ್ಕೆ ಇಳಿಯೋದಾದ್ರೆ ಇಂಬಳ ಜಾಸ್ತಿ, ಕಾಲಿಗೆ ಹತ್ತಿ ರಕ್ತ ಹೀರ್ತವೆ. ಸುಣ್ಣ, ಹೊಗೆಸೊಪ್ಪು ನೀವೇ ತಂದ್ಕಳಿ" ಅಂದರು.

ನಮ್ಮನೆಯವರು ರಜೆ ಹಾಕಲು ಒಪ್ಪಿದ್ದಾರೆ. ಇಂಬಳದ ವಿಷಯ ಅವರಿಗೆ ಇನ್ನೂ ಹೇಳಿಲ್ಲ.