ಎಂಬತ್ತೊಂಬತ್ತನೇ ದಿನ

ಜುಲೈ 31, 2025, ಗುರುವಾರ, ರಾತ್ರಿ 10.40

ಅಮ್ಮನ ಸೂಟ್‌ಕೇಸ್ ಮೂರನೇ ಸಲ ತೂಗಿದ್ದಾಯಿತು. 23 ಕೆಜಿಗೆ ಇನ್ನೂ 400 ಗ್ರಾಂ ಜಾಸ್ತಿ. ನೆಕ್ಕರ್ ನದಿ ದಂಡೆಯಿಂದ ನನ್ನ ಮಗ ಆರಿಸಿಕೊಟ್ಟ ಕಲ್ಲುಗಳನ್ನು ತೆಗಿ ಅಂದೆ. ಒಪ್ಪಲಿಲ್ಲ. ತನ್ನ ಸ್ವೆಟರ್ ತೆಗೆದಿಟ್ಟಳು. "ಮುಂದಿನ ಸಲ ಬಂದಾಗ ಬೇಕಾಗತ್ತೆ, ಇಲ್ಲೇ ಇರಲಿ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇವತ್ತಿಗೆ ಅಮ್ಮ ಜರ್ಮನಿಗೆ ಬಂದು 89 ದಿನ. ನಾಳೆ 90. ಅಲ್ಲಿಗೆ ವೀಸಾದಲ್ಲಿ ಇರಲು ಬಿಟ್ಟ ದಿನ ಮುಗಿಯಿತು.

ಅಡುಗೆಮನೆ ಗೋಡೆ ಮೇಲೆ ಅವಳು ತಿಪಟೂರಿನಿಂದ ಸುತ್ತಿಕೊಂಡು ತಂದ ಕನ್ನಡ ಕ್ಯಾಲೆಂಡರ್ ಇದೆ. ರಾಹುಕಾಲ, ಏಕಾದಶಿ, ಅಮಾವಾಸ್ಯೆ ಎಲ್ಲ ಅದರಲ್ಲಿದೆ. ಅದರ ಮೇಲೇ ನನ್ನ ಮಗ ದಿನಾ ರಾತ್ರಿ ನೀಲಿ ಕ್ರೇಯಾನ್‌ನಲ್ಲಿ ಒಂದು ಚೌಕಕ್ಕೆ ಗೀಟು ಹಾಕುತ್ತಾನೆ. ಮೇ 4ರಿಂದ ಶುರು. ಮೊದಮೊದಲು ಆಟವಾಗಿತ್ತು. ಜುಲೈ ಹಾಳೆ ತಿರುವಿದ ಮೇಲೆ ಆ ಗೀಟು ನೋಡಿದರೆ ನನಗೆ ಹೊಟ್ಟೆ ಹಿಂಡಿದ ಹಾಗೆ ಆಗುತ್ತಿತ್ತು.

ಅದೇ ಕ್ಯಾಲೆಂಡರ್‌ನಲ್ಲಿ ಆಗಸ್ಟ್ 8, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಅಮ್ಮ ಹೊರಡಬೇಕಾದ ದಿನಕ್ಕೂ ಹಬ್ಬಕ್ಕೂ ಸರಿಯಾಗಿ ಏಳು ದಿನ. ನಮ್ಮ ಮನೆಯ ಜಗಳವೆಲ್ಲ ಈ ಏಳು ದಿನದ್ದೇ.

ಜಗಳ ಶುರುವಾಗಿದ್ದು ಜೂನ್ ಮೊದಲ ವಾರ. ಅಮ್ಮ ಪಾಸ್‌ಪೋರ್ಟ್ ಬಿಡಿಸಿ, ಕನ್ನಡಕ ಹಾಕಿಕೊಂಡು, ವೀಸಾ ಸ್ಟಿಕರ್ ಮೇಲೆ ಬೆರಳಿಟ್ಟಳು. "ನೋಡೇ, 16-08-25 ಅಂತ ಇವರೇ ಬರ್ಕೊಟ್ಟಿದಾರೆ. ಹಬ್ಬ 8ನೇ ತಾರೀಕು. ಹಬ್ಬ ಮುಗಿಸ್ಕೊಂಡು ಹೋಗೋಕೆ ಏನು ಕಷ್ಟ?"

ಅವಳು ಓದಿದ್ದು ತಪ್ಪಲ್ಲ. ಸ್ಟಿಕರ್‌ನಲ್ಲಿ ಹಾಗೇ ಇದೆ. ಆದರೆ ಅದರಲ್ಲಿ ಎರಡು ಲೆಕ್ಕ ಇವೆ. ಒಂದು, ವೀಸಾ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಚಾಲ್ತಿಯಲ್ಲಿರುತ್ತದೆ ಅನ್ನೋದು. ಇನ್ನೊಂದು, ಅದರೊಳಗೆ ಎಷ್ಟು ದಿನ ಇರಬಹುದು ಅನ್ನೋದು. ಅಮ್ಮನದು ಮೇ 4ರಿಂದ ಆಗಸ್ಟ್ 16ರವರೆಗೆ, ಇರಬಹುದಾದ ದಿನ 90. ವಿಮಾನ ಎರಡು ದಿನ ಹಿಂದೆ ಮುಂದೆ ಆದರೂ ತೊಂದರೆಯಾಗದಿರಲಿ ಅಂತ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಈ ಷೆಂಗೆನ್ ವೀಸಾಗೆ ಸಾಮಾನ್ಯವಾಗಿ 15 ದಿನ ಸೇರಿಸಿ ಕೊಡುತ್ತಾರೆ. ಆ 15 ದಿನ ಕೂರಲಿಕ್ಕಲ್ಲ. ಪ್ರಯಾಣದ ತಾರೀಕು ಜರುಗಿಸಿಕೊಳ್ಳಲಿಕ್ಕೆ.

ಎರಡು ದಿನ ವಿವರಿಸಿದೆ. ಅವಳ ತಲೆಗೆ ಹೋಗಲಿಲ್ಲ ಅನ್ನುವುದಕ್ಕಿಂತ ನನಗೆ ಹೇಳಲು ಬರಲಿಲ್ಲ ಅನ್ನಬೇಕು. ಮೂರನೇ ದಿನ ಕಾಫಿ ಸೋಸುತ್ತಾ ಅವಳೇ ಅಂದಳು: "ಹಂಗಂದ್ರೆ ಛತ್ರ ಇದ್ದ ಹಂಗೆ. ಛತ್ರದ ಬಾಗಿಲು ತಿಂಗಳೆಲ್ಲ ತೆಗ್ದಿರತ್ತೆ, ನಾವು ಬುಕ್ ಮಾಡಿರೋದು ಎರಡೇ ದಿನ. ಅಷ್ಟೇ ತಾನೆ?"

ಅಷ್ಟೇ. ಇಷ್ಟು ಸಲೀಸಾಗಿ ಯಾವ ವೆಬ್‌ಸೈಟೂ ಹೇಳಿಲ್ಲ.

ಅಮ್ಮನಿಗೆ ಪಾಠ ಹೇಳುವ ಹೊತ್ತಿಗೆ ನಾನೇ ಎಡವಿದ್ದೆ ಅನ್ನೋದನ್ನೂ ಬರೆದಿಡಬೇಕು. ಅವಳ ವಾಪಸ್ ಟಿಕೆಟ್ ನಾನು ತೆಗೆದಿದ್ದು ಆಗಸ್ಟ್ 3ಕ್ಕೆ. ಮೇ 4ಕ್ಕೆ ಬಂದರೆ ಆಗಸ್ಟ್ 3ಕ್ಕೆ ಮೂರು ತಿಂಗಳು, ಮೂರು ತಿಂಗಳು ಅಂದರೆ 90 ದಿನ, ಅಲ್ವಾ? ಅಲ್ಲ. ಮೇ ತಿಂಗಳಿಗೆ 31, ಜುಲೈಗೆ 31. ಬಂದ ದಿನವೂ ಲೆಕ್ಕಕ್ಕೆ, ಹೋಗುವ ದಿನವೂ ಲೆಕ್ಕಕ್ಕೆ. ಮೇ 4ರಿಂದ ಎಣಿಸಿದರೆ ಆಗಸ್ಟ್ 1ಕ್ಕೇ 90 ಮುಗಿಯುತ್ತದೆ. ಆಗಸ್ಟ್ 3 ಅಂದರೆ 92. ಯುರೋಪಿಯನ್ ಕಮಿಷನ್‌ನ ಜಾಲತಾಣದಲ್ಲಿ ದಿನ ಎಣಿಸಲೆಂದೇ ಒಂದು ಕ್ಯಾಲ್ಕುಲೇಟರ್ ಇದೆ. ಅಮ್ಮನ ಜೊತೆ ಜಗಳವಾಡಿ, ನಾನೇ ಸರಿ ಅಂತ ತೋರಿಸಲು ಅದರಲ್ಲಿ ತಾರೀಕು ಹಾಕಿದೆ. ಕೆಂಪು ಅಕ್ಷರ ಬಂತು. ಟಿಕೆಟ್ ಬದಲಾಯಿಸಲು 140 ಯೂರೋ ಕಟ್ಟಿದೆ. ಅಮ್ಮನಿಗೆ ಎಷ್ಟು ಅಂತ ಹೇಳಿಲ್ಲ. ಅವಳು ನೂರರಿಂದ ಗುಣಿಸುತ್ತಾಳೆ.

ಎರಡು ದಿನಕ್ಕೆ ಏನಾಗಿಬಿಡುತ್ತಿತ್ತು ಅಂತ ಇವರು ಕೇಳಿದರು. ಏನೂ ಆಗದೆಯೂ ಇರಬಹುದಿತ್ತು. ದಂಡ ಹಾಕಬಹುದಿತ್ತು, ಮುಂದಿನ ವೀಸಾ ಅರ್ಜಿಗೆ ಅದೇ ಕಪ್ಪುಚುಕ್ಕೆಯೂ ಆಗಬಹುದಿತ್ತು. 67 ವರ್ಷದ, ಇಂಗ್ಲಿಷ್ ಬಾರದ ಹೆಂಗಸನ್ನು ಫ್ರಾಂಕ್‌ಫರ್ಟ್‌ನ ಪೊಲೀಸ್ ಕೌಂಟರ್ ಮುಂದೆ ನಿಲ್ಲಿಸಿ ಅದನ್ನು ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ. ಈ ಅಕ್ಟೋಬರ್ 12ರಿಂದ ಗಡಿಯಲ್ಲಿ ಠಸ್ಸೆ ಬದಲು ಮುಖ, ಬೆರಳಚ್ಚು ತೆಗೆದು ಕಂಪ್ಯೂಟರೇ ದಿನ ಎಣಿಸುವ ವ್ಯವಸ್ಥೆ ಹಂತಹಂತವಾಗಿ ಬರುತ್ತದಂತೆ. ಠಸ್ಸೆ ಮಸುಕಾಗಿತ್ತು, ತಾರೀಕು ಕಾಣಲಿಲ್ಲ ಅನ್ನುವ ಕಾಲ ಅಲ್ಲಿಗೆ ಹೋಯಿತು.

ಬೆರಳಚ್ಚು ಅಂದಾಗ ನೆನಪಾಯಿತು. ಹೋದ ವರ್ಷ ಅಮ್ಮ ಮೊದಲ ಸಲ ಬರುವಾಗ ಬೆಂಗಳೂರಿನಲ್ಲಿ ಅವಳ ಬೆರಳಚ್ಚು ಮೂಡಲೇ ಇಲ್ಲ. ನಲವತ್ತು ವರ್ಷ ತೆಂಗಿನಗರಿ ಸೀಳಿ ಪೊರಕೆ ಮಾಡಿದ, ಕೊಬ್ಬರಿ ಹೆಚ್ಚಿದ ಕೈ. ಕೌಂಟರ್‌ನ ಹುಡುಗಿ ಒದ್ದೆ ಟಿಶ್ಯೂ ಕೊಟ್ಟು ಉಜ್ಜಿಸಿ, ನಾಲ್ಕನೇ ಸಲಕ್ಕೆ ಹಿಡಿದಳಂತೆ. ಒಮ್ಮೆ ಕೊಟ್ಟರೆ ಸುಮಾರು ಐದು ವರ್ಷ ಅದೇ ನಡೆಯುತ್ತದೆ. ಹಾಗಾಗಿ ಈ ಸಲ ಆ ಪಾಡು ಬರಲಿಲ್ಲ.

ಕಾಗದಪತ್ರದಲ್ಲಿ ಅಮ್ಮನಿಗೆ ನಿಜವಾಗಿ ಸಿಟ್ಟು ತರಿಸಿದ್ದು ವೀಸಾ ಅಲ್ಲ, ನಾವು ಇಲ್ಲಿಂದ ಕಳಿಸಿದ ಖಾತರಿ ಪತ್ರ. ಅದರ ಹೆಸರು ಫೆರ್‌ಫ್ಲಿಶ್‌ಟುಂಗ್ಸ್‌ಎರ್ಕ್ಲೇರುಂಗ್. ಒಂದೇ ಉಸಿರಿಗೆ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಇವರು ಸಂಬಳದ ಚೀಟಿ, ಬಾಡಿಗೆ ಕರಾರು ಎಲ್ಲ ಹಿಡಿದುಕೊಂಡು ಹೋಗಿ, 29 ಯೂರೋ ಕಟ್ಟಿ, ಸಹಿ ಹಾಕಿ ಬಂದರು. ಬಂದವರ ಊಟ, ವಸತಿ, ಆಸ್ಪತ್ರೆ, ಕೊನೆಗೆ ವಾಪಸ್ ಕಳಿಸುವ ಖರ್ಚು, ಏನೇ ಬಂದರೂ ಕಟ್ಟುವ ಹೊಣೆ ನಮ್ಮದು ಅಂತ. ಇದರ ಮೇಲೆ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ, 90 ಯೂರೋ ವೀಸಾ ಶುಲ್ಕ ಬೇರೆ.

"ಅಳಿಯಂದ್ರು ನಂಗೆ ಜಾಮೀನು ಕೊಟ್ಟಿದಾರಾ? ಮಗಳ ಮನೆಗೆ ಬರೋಕೆ ಜಾಮೀನಾ? ನಾನೇನು ಕಳ್ತನ ಮಾಡಿದೀನಾ?"

ಇವರು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಎಲ್ಲೋ ಕೂತುಬಿಟ್ಟಿತು.

ಹಬ್ಬಕ್ಕಾಗಿ ಏಳು ದಿನ ಜಾಸ್ತಿ ಕೇಳಬಹುದಿತ್ತಾ? ಕೇಳಬಹುದು, ಸಿಗುವುದಿಲ್ಲ. ವಿಮಾನಗಳೇ ನಿಂತುಹೋದರೆ, ಕಾಯಿಲೆ ಬಿದ್ದು ಪ್ರಯಾಣ ಮಾಡಲಾಗದಿದ್ದರೆ, ಅಂಥ ಗಂಭೀರ ಕಾರಣಗಳಿಗೆ ಮಾತ್ರ ವಿಸ್ತರಣೆ. ಮಹಾಲಕ್ಷ್ಮಿ ಆ ಪಟ್ಟಿಯಲ್ಲಿಲ್ಲ. ಪರಿಚಯದ ಒಬ್ಬರು "ಡಾಕ್ಟರ್ ಹತ್ರ ಒಂದು ಚೀಟಿ ಬರೆಸ್ಕೊಳ್ಳಿ, ಬಿಪಿ ಜಾಸ್ತಿ ಇದೆ, ವಿಮಾನ ಹತ್ತೋಹಾಗಿಲ್ಲ ಅಂತ" ಅಂದರು. ನನಗೆ ಒಂದು ಕ್ಷಣ ಆಸೆಯಾಗಿದ್ದು ನಿಜ. ಅಮ್ಮನೇ ಬೇಡ ಅಂದಳು. ಇಲ್ಲದ ಕಾಯಿಲೆ ಬಾಯಲ್ಲಿ ಕರೆಯಬಾರದಂತೆ. ನನ್ನ ಕಾರಣ ಬೇರೆ: ಸುಳ್ಳು ಚೀಟಿ ಕೊಟ್ಟು ಏಳು ದಿನ ಗಳಿಸಿ, ಮುಂದಿನ ಐದು ವರ್ಷದ ಭೇಟಿಗಳನ್ನು ಒತ್ತೆ ಇಡುವುದು ಲಾಭದ ವ್ಯಾಪಾರವಲ್ಲ.

ಅಮ್ಮನನ್ನು ಇಲ್ಲೇ ಇಟ್ಟುಕೊಳ್ಳಬಾರದಾ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಅದಕ್ಕೂ ಒಂದು ನಿಯಮ ಬಂದಿದೆ. ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಕಾರ್ಡ್) ಅಥವಾ ನುರಿತ ಕೆಲಸಗಾರರ ಪರವಾನಗಿ ಮೊದಲ ಸಲ ಸಿಕ್ಕಿದ್ದು 2024ರ ಮಾರ್ಚ್ 1ರಂದು ಅಥವಾ ಆಮೇಲೆ ಆಗಿದ್ದರೆ, ಅಂಥವರು ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನು ಕರೆಸಿಕೊಳ್ಳಬಹುದು. ನಾವು ಬಂದಿದ್ದು 2019ರಲ್ಲಿ. ಐದು ವರ್ಷ ಮೊದಲೇ ಬಂದು ತೆರಿಗೆ ಕಟ್ಟಿದ್ದೇ ನಮ್ಮ ತಪ್ಪು! ಇವರ ಆಫೀಸಿಗೆ ಹೋದ ವರ್ಷ ಮೇ ತಿಂಗಳಲ್ಲಿ ಸೇರಿದ ಹುಬ್ಬಳ್ಳಿಯ ಹುಡುಗನಿಗೆ ಆ ಬಾಗಿಲು ತೆರೆದಿದೆ. ಆದರೆ ಅವನೂ ಅಲ್ಲೇ ನಿಂತಿದ್ದಾನೆ. ಯಾಕೆಂದರೆ ಪೂರ್ತಿ ಆರೋಗ್ಯ ವಿಮೆ ಬೇಕು, ಪ್ರವಾಸಿ ವಿಮೆ ನಡೆಯುವುದಿಲ್ಲ. ಎಪ್ಪತ್ತರ ಹತ್ತಿರ ಬಂದ, ಸಕ್ಕರೆ ಕಾಯಿಲೆ ಇರುವ ತಂದೆಗೆ ವಿಮೆ ಕೊಡುವವರನ್ನು ಹುಡುಕುತ್ತಾ ಅವನಿಗೆ ಹತ್ತು ತಿಂಗಳಾಯಿತು.

ಜರ್ಮನ್ ಪೌರತ್ವ ತೊಗೊಂಡರೆ ಸುಲಭವಾಗುತ್ತದೆ ಅನ್ನುವವರೂ ಇದ್ದಾರೆ. 2024ರ ಜೂನ್ 27ರಿಂದ ಐದು ವರ್ಷಕ್ಕೇ ಅರ್ಜಿ ಹಾಕಬಹುದು, ನಿಜ. ಜರ್ಮನಿ ಹಳೆಯ ಪಾಸ್‌ಪೋರ್ಟ್ ಬಿಡಿ ಅನ್ನುವುದಿಲ್ಲ. ಭಾರತ ಮಾತ್ರ ತನ್ನ ಪಾಸ್‌ಪೋರ್ಟ್ ಬಿಡಲೇಬೇಕು ಅನ್ನುತ್ತದೆ. ಅದೆಲ್ಲ ಮಾಡಿ, ಬೇರೆ ದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಹಿಡಿದು ತಿಪಟೂರಿಗೆ ಹೋದರೂ ಅಮ್ಮನ 90 ದಿನ 90 ದಿನವೇ. ವಯಸ್ಸಾದ ಅಮ್ಮನನ್ನು ಕರೆಸಿಕೊಳ್ಳುವುದು ಇಲ್ಲಿಯ ಪ್ರಜೆಗಳಿಗೂ ಸುಲಭವಿಲ್ಲ.

ನಾನು ಈ ತಾರೀಕುಗಳಿಗೆ ಇಷ್ಟು ಹೆದರುವುದಕ್ಕೆ ಒಂದು ಕಾರಣ ಇದೆ. 2022ರ ಡಿಸೆಂಬರ್‌ನಲ್ಲಿ ಅಪ್ಪ ಹೋದಾಗ ನನ್ನ ವಾಸದ ಕಾರ್ಡ್ ಮುಗಿದಿತ್ತು. ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಿದ್ದೆ. ಕಚೇರಿಯಿಂದ ಹೊಸ ಕಾರ್ಡ್ ಬಂದಿರಲಿಲ್ಲ. ಇದ್ದದ್ದು ಒಂದು ಮಡಿಸಿದ ಕಾಗದ, ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್. ಪದ ಬಿಡಿಸಿದರೆ ಕಲ್ಪನೆಯ ಸರ್ಟಿಫಿಕೇಟ್. ನಿನ್ನ ಪರವಾನಗಿ ಮುಗಿದಿದ್ದರೂ ಮುಗಿದಿಲ್ಲ ಅಂತ ಕಾನೂನು ಕಲ್ಪಿಸಿಕೊಳ್ಳುತ್ತದೆ ಅಂತ ಅರ್ಥ. ಅದರೊಳಗೆ ಮೂರು ಚೌಕ. ಮೂರನೆಯದಕ್ಕೆ ಗುರುತು ಇದ್ದರೆ ಮಾತ್ರ ದೇಶದಿಂದ ಹೊರಗೆ ಹೋಗಿ ವಾಪಸ್ ಬರಬಹುದು. ಫೋನ್ ಬಂದ ರಾತ್ರಿ ನಾನು ಮೊದಲು ಅತ್ತೆನಾ, ಮೊದಲು ಆ ಚೌಕ ನೋಡಿದೆನಾ ಅಂತ ಈಗಲೂ ನನಗೆ ಸರಿಯಾಗಿ ನೆನಪಿಲ್ಲ. ಚೌಕ ನೋಡಿದೆ ಅನ್ನಿಸುತ್ತದೆ.

ವಾಪಸ್ ಬರುವಾಗ ಬೆಂಗಳೂರಿನಲ್ಲಿ ವಿಮಾನದ ಕೌಂಟರ್‌ನವನು ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ಇದು ವೀಸಾ ಅಲ್ಲ" ಅಂದ. ನಲವತ್ತು ನಿಮಿಷ ನಿಲ್ಲಿಸಿದರು. ಹದಿಮೂರನೇ ದಿನದ ವೈಕುಂಠ ಸಮಾರಾಧನೆ ಮುಗಿಸಿ ಬಂದ ಮುಖ ನನ್ನದು. ಯಾರೋ ಯಾರಿಗೋ ಫೋನ್ ಮಾಡಿ, ಕೊನೆಗೆ ಬಿಟ್ಟರು. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರ ಪಾಸ್‌ಪೋರ್ಟ್, ಕಾರ್ಡ್, ವಿಮೆಯ ಕೊನೆ ತಾರೀಕುಗಳು ಫ್ರಿಜ್ ಬಾಗಿಲ ಮೇಲೆ ಇವೆ. ನೋಡಿದವರು ನಗುತ್ತಾರೆ. ನಗಲಿ.

ಹಬ್ಬದ ವಿಷಯಕ್ಕೆ ಬರುತ್ತೇನೆ. ದಾರಿ ಹುಡುಕಿದ್ದು ಅಮ್ಮನೇ. ಶ್ರಾವಣದ ಯಾವ ಶುಕ್ರವಾರ ಆದರೂ ಲಕ್ಷ್ಮಿ ಬೇಡ ಅನ್ನಲ್ಲ ಅಂತ ಹೇಳಿ, ಹೋದ ಶುಕ್ರವಾರ, ಜುಲೈ 25ಕ್ಕೆ, ಶ್ರಾವಣದ ಮೊದಲ ದಿನವೇ ಕಲಶ ಕೂರಿಸಿಬಿಟ್ಟಳು. ಕಾಯಿ ಊರಿನದೇ. ಮೇ ತಿಂಗಳಲ್ಲಿ ಸೂಟ್‌ಕೇಸ್‌ನಲ್ಲಿ ತಂದಿದ್ದು, ಜುಟ್ಟಿನ ಸಮೇತ. ಹೊರಗಿನಿಂದ ಹಣ್ಣು, ಗಿಡ, ಸೊಪ್ಪು ತರಲು ಯುರೋಪಿನವರು ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಐದೇ ಹಣ್ಣಿಗೆ ವಿನಾಯಿತಿ: ಅನಾನಸ್, ಬಾಳೆ, ಖರ್ಜೂರ, ದುರಿಯನ್, ತೆಂಗಿನಕಾಯಿ. ಇದನ್ನು ಓದಿ ಹೇಳಿದಾಗ ಅಮ್ಮನ ಮುಖ ನೋಡಬೇಕಿತ್ತು. "ನೋಡ್ದಾ, ನಮ್ಮ ತಿಪಟೂರು ಕಾಯಿಗೆ ವೀಸಾ ಬೇಡ!" ವೀಳ್ಯದೆಲೆಗೆ ಆ ಭಾಗ್ಯ ಇಲ್ಲ. ಅದನ್ನು ಶ್ರೀಲಂಕಾದ ತಮಿಳರ ಅಂಗಡಿಯಿಂದ ತಂದೆವು.

ಎದುರು ಮನೆಯ ಜರ್ಮನ್ ಅಜ್ಜಿಯನ್ನೂ ಅರಿಶಿನ ಕುಂಕುಮಕ್ಕೆ ಕರೆದಳು. ಎಂಬತ್ತು ದಾಟಿದ ಆಕೆಗೂ ಅಮ್ಮನಿಗೂ ಇಬ್ಬರಿಗೂ ಬರುವ ಭಾಷೆ ಒಂದೂ ಇಲ್ಲ. ಒಂದೂವರೆ ಗಂಟೆ ಮಾತಾಡಿದರು.

ಇವತ್ತು ಸಂಜೆ ಅಮ್ಮ ಸುಮ್ನೆ ಕೇಳುವ ಹಾಗೆ ಕೇಳಿದಳು, "ಮತ್ತೆ ಯಾವಾಗ ಬರಬೋದು?"

ಉತ್ತರ ನಾನು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಯಾವ ದಿನ ನಿಂತು ನೋಡಿದರೂ ಹಿಂದಿನ 180 ದಿನದಲ್ಲಿ 90 ಮೀರಬಾರದು. ನಾಳೆ ಹೋದರೆ ಅಕ್ಟೋಬರ್ 31ಕ್ಕೆ ಮೊದಲು ಕಾಲಿಡುವ ಹಾಗಿಲ್ಲ. ಹೊಸ ವೀಸಾ ಬಂದರೂ ಹಳೆ ದಿನಗಳು ಲೆಕ್ಕದಲ್ಲೇ ಇರುತ್ತವೆ. ದೀಪಾವಳಿ ಅಕ್ಟೋಬರ್ 20ಕ್ಕೆ. ಅದೂ ಹೋಯಿತು.

"ರಾಜ್ಯೋತ್ಸವಕ್ಕೆ ಬರ್ತೀನಿ ಬಿಡು," ಅಂದಳು. ಆಮೇಲೆ ತಾನೇ, "ನವೆಂಬರ್ ಚಳೀಲಿ ಯಾರು ಬರ್ತಾರೆ, ಮೇ ತಿಂಗಳಿಗೇ ಸರಿ" ಅಂದಳು. ಒಂದು ಸಮಾಧಾನ ಇದೆ. 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ನಿಯಮ ಸ್ವಲ್ಪ ಸಡಿಲವಾಯಿತು. ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದ್ದರೆ ಮುಂದಿನದು ಎರಡು ವರ್ಷದ್ದು ಸಿಗಬಹುದು. ಅಮ್ಮನದು ಇದು ಎರಡನೆಯದು. ಆ ಎರಡು ದಿನದ ಟಿಕೆಟ್‌ಗೆ ಕಟ್ಟಿದ 140 ಯೂರೋ ಇದಕ್ಕೇ ಅಂದುಕೊಂಡಿದ್ದೇನೆ.

ಈಗ ಮಗ ಮಲಗುವ ಮೊದಲು ಕ್ರೇಯಾನ್ ಹಿಡಿದು ಅಡುಗೆಮನೆಗೆ ಬಂದ. 31ನೇ ಚೌಕಕ್ಕೆ ಗೀಟು ಹಾಕಿ, ಹಾಳೆ ಎತ್ತಿ ಆಗಸ್ಟ್ 1 ನೋಡಿದ.

"ಅಜ್ಜಿ, ನಾಳೆನೂ ಲೆಕ್ಕಕ್ಕೆ ಬರತ್ತಾ?"

"ಬರತ್ತಂತೆ ಕಣೋ. ಹೋಗೋ ದಿನಾನೂ ಇದ್ದ ಹಂಗೇ ಅಂತೆ."

ಎಂಟು ಗಂಟೆಗೆ ಮನೆ ಬಿಡಬೇಕು. ಐದಕ್ಕೇ ಏಳುತ್ತಾಳಂತೆ. ಅವನಿಗೆ ಅಕ್ಕಿ ರೊಟ್ಟಿ ಮಾಡಿಕೊಡುತ್ತಾಳಂತೆ. ಹಿಟ್ಟಿನ ಡಬ್ಬಿಯನ್ನು ಈಗಲೇ ತೆಗೆದು ಒಲೆ ಪಕ್ಕ ಇಟ್ಟಿದ್ದಾಳೆ.