ಮೂಗಿನಲ್ಲಿ ಹಗ್ಗವಿಲ್ಲದ ಕರಡಿ

ಬನ್ನೇರುಘಟ್ಟ ಸಫಾರಿಗೆ ಹೊರಟಾಗ ನನ್ನ ಮಗನಿಗೆ ಹುಲಿಯದೇ ಧ್ಯಾನ. ಮಂಗಳವಾರ ಅಲ್ಲಿ ರಜೆ, ಭಾನುವಾರ ವಿಪರೀತ ಜನ. ಹಾಗಾಗಿ ಅವನಿಗೆ ದಸರಾ ರಜೆ ಇದ್ದ ಒಂದು ಬುಧವಾರ ಅಮ್ಮನನ್ನೂ ಕರೆದುಕೊಂಡು ಹೋದೆವು.

ಕಿಟಕಿಗೆಲ್ಲ ಜಾಲರಿ ಹಾಕಿದ ಬಸ್ಸು. ಮೊದಲು ಜಿಂಕೆ, ಕಡವೆ. ಆಮೇಲೆ ಒಂದು ಗೇಟು ತೆರೆಯಿತು. ಬಸ್ಸು ಒಳಗೆ ಹೋದ ಮೇಲೆ ಅದನ್ನು ಮುಚ್ಚಿ, ಆಮೇಲಷ್ಟೇ ಮುಂದಿನ ಗೇಟು ತೆರೆದರು. ಆ ಎರಡು ಗೇಟುಗಳ ನಡುವೆ ಮಕ್ಕಳೂ ಉಸಿರು ಬಿಗಿಹಿಡಿದು ಕೂತಿದ್ದವು.

ರಸ್ತೆ ಪಕ್ಕದಲ್ಲೇ ಒಂದು ಕರಡಿ ಮಣ್ಣು ಕೆದಕುತ್ತಿತ್ತು. ಡ್ರೈವರ್ ಬಸ್ಸು ನಿಲ್ಲಿಸಿದರು. ಬೆರಳುದ್ದದ ಉಗುರು, ಎದೆ ಮೇಲೆ ಬಿಳಿ ಪಟ್ಟಿ, ಮೈತುಂಬ ಕೆದರಿದ ಕೂದಲು. ಮೂತಿಯನ್ನು ಗುಂಡಿಯೊಳಗೆ ತೂರಿಸಿ ಗೆದ್ದಲು ಹೀರುವ ಸದ್ದು ನಮಗೂ ಕೇಳಿಸಿತು.

"ನಿನ್ನ ಕೂರಿಸಿದ್ದು ಇಂಥದ್ದರ ಮೇಲೇನೇ ಕಣೆ" ಅಂದರು ಅಮ್ಮ.

ನನಗೂ ಮಸುಕಾಗಿ ನೆನಪಿದೆ. ಊರಿಗೆ ಕರಡಿ ಆಡಿಸುವವರು ಬರುತ್ತಿದ್ದರು. ಕರಡಿ ಮೇಲೆ ಕೂರಿಸಿದರೆ ಮಕ್ಕಳಿಗೆ ಹೆದರಿಕೆ ಹೋಗುತ್ತದೆ ಅಂತ ನಂಬಿಕೆ. ಅದರ ಕೂದಲನ್ನು ತಾಯಿತಕ್ಕೆ ಹಾಕಿ ನನ್ನ ಕೊರಳಿಗೂ ಕಟ್ಟಿದ್ದರು. ಆ ಕರಡಿಯ ಮೂಗಿನಲ್ಲಿ ಹಗ್ಗ ಇತ್ತು.

ಆ ಹಗ್ಗ ಹೇಗೆ ಬಂತು ಅಂತ ಗೊತ್ತಾಗಿದ್ದು ದೊಡ್ಡವಳಾದ ಮೇಲೆ. ತಾಯಿಯನ್ನು ಕೊಂದು ಮರಿಯನ್ನು ಹಿಡಿಯುತ್ತಿದ್ದರು. ಕಾದ ಕಬ್ಬಿಣದಿಂದ ಮೂಗು ಚುಚ್ಚುತ್ತಿದ್ದರು, ಹಲ್ಲು ಮುರಿಯುತ್ತಿದ್ದರು. 1972ರಲ್ಲೇ ವನ್ಯಜೀವಿ ಕಾಯ್ದೆ ಬಂದಿತ್ತು, ಆದರೂ ಎಷ್ಟೋ ವರ್ಷ ಇದು ನಡೆದೇ ಇತ್ತು. ಅಂಥ ಕರಡಿಗಳನ್ನು ಬಿಡಿಸಿ ತಂದು ಸಾಕುವ ಕೇಂದ್ರ ಬನ್ನೇರುಘಟ್ಟದಲ್ಲೇ ಇದೆ. 2009ರಲ್ಲಿ ದೇಶದ ಕೊನೆಯ ಆಟದ ಕರಡಿ ಅಂತ ಬಿಡಿಸಿದ ರಾಜುವನ್ನೂ ಇಲ್ಲಿಗೇ ತಂದರು. ಕರಡಿ ಆಡಿಸುತ್ತಿದ್ದ ಕಲಂದರ್ ಸಮುದಾಯದವರನ್ನು ಸುಮ್ನೆ ಬೈಯೋಕೆ ನನಗೆ ಮನಸ್ಸಿಲ್ಲ. ಅವರಿಗೂ ಹೊಟ್ಟೆಪಾಡು ಅದೇ ಆಗಿತ್ತು. ಬೇರೆ ಕೆಲಸ ಹಿಡಿಯಲು ಅವರಿಗೆ ನೆರವು ಕೊಟ್ಟಿದ್ದರಿಂದಲೇ ಆ ಆಟ ನಿಂತಿತು.

"ಅದಕ್ಕೆ ನೋವಾಗ್ತಿರಲಿಲ್ವಾ ಅಜ್ಜಿ?" ಅಂತ ಮಗ ಕೇಳಿದ. ಅಮ್ಮ ಅವನ ತಲೆ ಸವರಿದರು, ಏನೂ ಹೇಳಲಿಲ್ಲ.

ಮುಂದೆ ಸಿಂಹ ಸಿಕ್ಕಿತು, ಹುಲಿಯೂ ಸಿಕ್ಕಿತು. ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತಿದ್ದ ಹುಲಿಯನ್ನು ನೋಡಿ ಮಗ ಕುಣಿದಾಡಿದ. ಅಮ್ಮ ಮಾತ್ರ ಬೇರೆಯೇ ಲೋಕದಲ್ಲಿದ್ದರು.

ಬಸ್ಸಿನಿಂದ ಇಳಿಯುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಆ ಕರಡಿ ಮೂಗಲ್ಲಿ ಗಾಯದ ಗುರುತು ಇರಲಿಲ್ಲ ಅಲ್ವಾ?"

ನಾನೂ ಅದನ್ನೇ ನೋಡಿದ್ದೆ. "ಇರಲಿಲ್ಲಮ್ಮ" ಅಂದೆ.