ಕರೆಂಟ್ ಬಂದ ಮೇಲಿನ ಮೊದಲ ತಾಸು

ಯಾದಗಿರಿಯಂಥ ಊರಿನ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ಕರೆಂಟ್ ಹೋದಾಗ ಆಗುವ ಹಾನಿಗಿಂತ ಬಂದಾಗ ಆಗುವ ಹಾನಿ ದೊಡ್ಡದು. ಹೋದಾಗ ಎಲ್ಲರೂ ಓಡಾಡುತ್ತಾರೆ, ಬಂದ ಕೂಡಲೇ ಚಹಾಕ್ಕೆ ಎದ್ದು ಹೋಗುತ್ತಾರೆ.

4 ಎಂಎಲ್‌ಡಿ (ದಿನಕ್ಕೆ 40 ಲಕ್ಷ ಲೀಟರ್) ಘಟಕವನ್ನೇ ಲೆಕ್ಕಕ್ಕೆ ಹಿಡಿಯಿರಿ. ಒಳಹರಿವು ಸರಾಸರಿ ತಾಸಿಗೆ 167 ಘನ ಮೀಟರ್. ಮೂರು ತಾಸು ಕರೆಂಟ್ ಇಲ್ಲವೆಂದರೆ ಕೊಳಚೆ ಬಂದು ಸೇರುವ ವೆಟ್‌ವೆಲ್ ಬಾವಿಯಲ್ಲೂ ಹಿಂದಿನ ಪೈಪಿನಲ್ಲೂ ಸೇರಿ 500 ಘನ ಮೀಟರ್ ನಿಂತಿರುತ್ತದೆ. ಪ್ಯಾನೆಲ್ ಆಟೊದಲ್ಲಿದ್ದರೆ ನೀರಿನ ಮಟ್ಟಕ್ಕೆ ತಕ್ಕಂತೆ ಪಂಪು ಎಬ್ಬಿಸುವ ಫ್ಲೋಟ್‌ಗಳೆಲ್ಲ ಮೇಲಿರುವುದರಿಂದ ನಾಲ್ಕೂ ಪಂಪು ಒಟ್ಟಿಗೆ ಏಳುತ್ತವೆ. ತಲಾ 125ರಂತೆ ತಾಸಿಗೆ 500. ಸ್ಲಜ್ಜನ್ನು (ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕೆಸರು) ತಳಕ್ಕೆ ಕೂರಿಸುವ 16 ಮೀಟರ್ ವ್ಯಾಸದ ಕ್ಲಾರಿಫೈಯರ್ ತೊಟ್ಟಿಯ ಮೇಲೆ ಚದರ ಮೀಟರಿಗೆ ದಿನಕ್ಕೆ 20 ಘನ ಮೀಟರ್ ಇದ್ದ ಹೊರೆ 60ಕ್ಕೆ ಏರುತ್ತದೆ. 50 ದಾಟಿತೆಂದರೆ ಸ್ಲಜ್ ತಳಕ್ಕೆ ಕೂರದೆ ವಿಯರ್ (ತೊಟ್ಟಿಯ ಅಂಚಿನ ಕಟ್ಟೆ) ದಾಟಿ ನಾಲಾ ಹಿಡಿಯುತ್ತದೆ.

ಹೊರಹೋಗುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಸ್ಲಜ್ ಇದ್ದರೆ ಒಂದೇ ತಾಸಿನಲ್ಲಿ 250 ಕೆಜಿ ಹೋಯಿತು. ಅದು ಕೊಳೆಯಲು ಸುಮಾರು 230 ಕೆಜಿ ಆಮ್ಲಜನಕ ಬೇಡುತ್ತದೆ. 30 ಡಿಗ್ರಿಯ ನೀರು ಹಿಡಿದಿಡುವುದು ಲೀಟರಿಗೆ ಹೆಚ್ಚೆಂದರೆ 7.5 ಮಿಲಿಗ್ರಾಂ, ಅಂದರೆ 3 ಕೋಟಿ ಲೀಟರ್ ನೀರಿನ ಪಾಲು. ಮಳೆಗಾಲದ ಭೀಮಾ ಇದನ್ನು ನುಂಗಿಕೊಂಡಾಳು. ಏಪ್ರಿಲ್-ಮೇನಲ್ಲಿ ಹರಿವು ಸತ್ತು ಮಡುಗಳಷ್ಟೇ ಉಳಿದಾಗ ಮೀನು ತೇಲುತ್ತವೆ. ಕ್ಲೋರಿನ್ ಇದೆಯಲ್ಲ ಅನ್ನಬೇಡಿ, ಅದನ್ನು ಸ್ಲಜ್ಜೇ ತಿಂದು ಮುಗಿಸುತ್ತದೆ, ರೋಗಾಣು ಹಾಗೇ ಕೆಳಗಿನ ಊರಿಗೆ ಹೋಗುತ್ತವೆ.

ಆದ್ದರಿಂದ ಕರೆಂಟ್ ಹೋದ ತಕ್ಷಣ ಪಂಪ್ ಪ್ಯಾನೆಲ್ ಮ್ಯಾನ್ಯುಯಲ್‌ಗೆ ಹಾಕಿ. ಬಂದ ಮೇಲೆ ಮೊದಲು ಕ್ಲಾರಿಫೈಯರ್ ಸ್ಕ್ರೇಪರ್ ಮತ್ತು ರಿಟರ್ನ್ ಸ್ಲಜ್ ಪಂಪು: ತಳದಲ್ಲಿ ಕೂತ ಸ್ಲಜ್ ಗಾಳಿಯಿಲ್ಲದೆ ಕೊಳೆತು ಗ್ಯಾಸ್ ಕಟ್ಟಿ ತೇಲುವ ಮುಂಚೆ ಸೂಕ್ಷ್ಮಜೀವಿಗಳಿಗೆ ಗಾಳಿ ಕೊಡುವ ಏರೇಶನ್ ಟ್ಯಾಂಕಿಗೆ ವಾಪಸ್ ಬರಬೇಕು. ಜೊತೆಗೇ ಆ ಗಾಳಿ ಊದುವ ಬ್ಲೋವರ್. ಏರ್ ಪೈಪಿನೊಳಗೆ ನೀರು ನುಗ್ಗಿರುತ್ತದೆ, ಪರ್ಜ್ ವಾಲ್ವ್ ತೆರೆದು ಹೊರಗೆ ಹಾಕಿ. ಅರ್ಧ ಮುಕ್ಕಾಲು ತಾಸು ಕಾಯಿರಿ. ಟ್ಯಾಂಕಿನ ಕಪ್ಪು ಬಣ್ಣ ಕಂದಿಗೆ ತಿರುಗಿ, ಕೊಳೆತ ಮೊಟ್ಟೆಯ ನಾತ ಹೋಗಿ, ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಲೀಟರಿಗೆ 1 ಮಿಲಿಗ್ರಾಂ ದಾಟಿದ ಮೇಲೆ ಒಂದು ಪಂಪು. ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು. ಎರಡಕ್ಕಿಂತ ಹೆಚ್ಚು ಬೇಡ. ಎರಡರಲ್ಲಿ ಕ್ಲಾರಿಫೈಯರ್ ಹೊರೆ 30ರಲ್ಲೇ ನಿಲ್ಲುತ್ತದೆ, ಬಾಕಿ ಕೊಳಚೆ ಆರು ತಾಸಿನಲ್ಲಿ ಖಾಲಿಯಾಗುತ್ತದೆ. ಕಾಯುವಾಗ ಊರಿನ ಅತಿ ತಗ್ಗಿನ ಮ್ಯಾನ್‌ಹೋಲ್ ಮೇಲೆ ಕಣ್ಣಿಡಿ. ಅದು ಉಕ್ಕುವ ಹಾಗಿದ್ದರೆ ಒಂದು ಪಂಪು ಬೇಗ ಬಿಡಲೇಬೇಕು.

ಡಿಜಿ ಸೆಟ್ (ಡೀಸೆಲ್ ಜನರೇಟರ್) ಬಗ್ಗೆ ಒಂದು ತಕರಾರು. ಸಣ್ಣ ಡಿಜಿ ಇರುವಲ್ಲಿ ಬ್ಲೋವರ್ ಭಾರ ಎಂದು ಕೊಳಚೆ ಪಂಪು ಮಾತ್ರ ಓಡಿಸುತ್ತಾರೆ. ಗಾಳಿ ಸತ್ತ ಟ್ಯಾಂಕಿಗೆ ಕೊಳಚೆ ತಳ್ಳುವುದಕ್ಕಿಂತ ಸುಮ್ಮನಿರುವುದೇ ವಾಸಿ. ಡಿಜಿ ಎಳೆಯಬಲ್ಲ ಭಾರದೊಳಗೆ ಒಂದು ಬ್ಲೋವರ್, ಒಂದು ರಿಟರ್ನ್ ಪಂಪು ಇರಲಿ.

ಪೂರ್ತಿ ಹರಿವಿಗೆ ಮರಳುವ ಮುಂಚೆ ಏರೇಶನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಜಾಡಿಗೆ ತುಂಬಿ 30 ನಿಮಿಷ ಅಲುಗಿಸದೆ ಇಡಿ. ಎಂಎಲ್‌ಎಸ್‌ಎಸ್ (ಆ ನೀರಿನಲ್ಲಿ ತೇಲಾಡುವ ಸ್ಲಜ್ಜಿನ ಪ್ರಮಾಣ) ಲೀಟರಿಗೆ 3000 ಮಿಲಿಗ್ರಾಂ ಇದ್ದರೆ ಸ್ಲಜ್ 300 ಎಂಎಲ್ ಆಸುಪಾಸು ಕೂತು ಮೇಲಿನ ನೀರು ತಿಳಿಯಾಗಬೇಕು. ಮೇಲೆ ಮೋಡ ಕವಿದಂತಿದ್ದರೆ ಇನ್ನೂ ಗಾಳಿ ಬೇಕು. ಜಾಡಿ ಚೆಲ್ಲಬೇಡಿ, ಇನ್ನೊಂದು ತಾಸು ಬಿಡಿ. ಕೂತ ಸ್ಲಜ್ ಗುಳ್ಳೆ ಹಿಡಿದು ಮೇಲೆದ್ದರೆ ಕ್ಲಾರಿಫೈಯರ್‌ನಲ್ಲೂ ಅದೇ ಆಗಲಿದೆ, ರಿಟರ್ನ್ ಹೆಚ್ಚಿಸಿ.

ಲಾಗ್‌ಬುಕ್ಕಿನಲ್ಲಿ ಕರೆಂಟ್ ಹೋದ ವೇಳೆ ಎಲ್ಲರೂ ಬರೆಯುತ್ತಾರೆ. ಬಂದ ವೇಳೆ, ಬ್ಲೋವರ್ ಎದ್ದ ವೇಳೆ, ಮೊದಲ ಪಂಪಿನ ವೇಳೆ, ಈ ಮೂರಕ್ಕೂ ಒಂದೊಂದು ಕಾಲಂ ಹಾಕಿಸಿ.